ಕೈಯಲ್ಲಿ ಖಾಲಿ ಚೀಲ

ಕೇಳುಗರಿಗೆ ನಮಸ್ಕಾರ.

ಮೊದಲ ಒಂದು ವಾರ ನಾನು ಕೈಯಲ್ಲಿ ಖಾಲಿ ಚೀಲ ಹಿಡಿದುಕೊಂಡೇ ವಾಕಿಂಗ್ ಹೋದೆ. ಯಾರಿಗೂ ಇದನ್ನು ಹೇಳಿರಲಿಲ್ಲ. ಇವತ್ತು ರೇಡಿಯೋದಲ್ಲಿ ಕೂತು ಹೇಳುತ್ತಿದ್ದೇನೆ, ಇನ್ನೇನು ಮುಚ್ಚಿಡೋದು!

ಚೀಲ ಯಾಕೆ ಅಂತೀರಾ? ಕಾರವಾರದ ಕೋಡಿಬಾಗದ ನಮ್ಮ ಮನೆಯಿಂದ ಟಾಗೋರ್ ಬೀಚ್ ಮುಟ್ಟುವಷ್ಟರಲ್ಲಿ ಕಡಿಮೆ ಅಂದರೂ ನಾಲ್ಕು ಜನ ಕೇಳುತ್ತಾರೆ, "ವೈನಿ, ಎಲ್ಲಿಗೆ ಹೊರಟ್ರಿ?" ಚೀಲ ಇದ್ದರೆ ಯಾರೂ ಕೇಳೋದಿಲ್ಲ. ಹಾಲಿಗೋ ಮೀನಿಗೋ ಇರಬೇಕು ಅಂತ ಅವರೇ ಅಂದುಕೊಳ್ಳುತ್ತಾರೆ. 'ಸುಮ್ನೆ ನಡೆಯೋಕೆ ಹೊರಟೆ' ಅನ್ನೋಕೆ ನನಗೆ ಬಾಯಿ ಬರುತ್ತಿರಲಿಲ್ಲ. ನನಗೀಗ 46 ವರ್ಷ. ಇಷ್ಟು ವರ್ಷ ನಡೆದದ್ದೆಲ್ಲ ಏನಾದರೂ ತರೋಕೆ, ಇಲ್ಲವೇ ಯಾರನ್ನಾದರೂ ಬಿಟ್ಟು ಬರೋಕೆ.

ಈ ಹುಚ್ಚು ಹಿಡಿಸಿದ್ದು ನಮ್ಮ ಓಣಿಯ ಅಕ್ಕೋರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸಿ ರಿಟೈರ್ ಆದವರು. ಮೂವತ್ತು ದಿನದ ಚಾಲೆಂಜ್ ಮಾಡೋಣ ಅಂತ ವಾಟ್ಸಾಪ್ ಗುಂಪು ಕಟ್ಟಿದರು. ಹದಿನಾಲ್ಕು ಹೆಂಗಸರು ಸೇರಿದೆವು. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಚುರುಕಾಗಿ ನಡೆಯಬೇಕು. ಒಟ್ಟು 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಇಷ್ಟಾದರೂ ಬೇಕು ಅನ್ನುತ್ತದೆ. ಅದರ ಜೊತೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ: ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ದಂಡ, ಮತ್ತೆ ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯೋ ಪ್ಲ್ಯಾಂಕ್. ಮಾಡಿದ ದಿನ ಒಂದು ಪಾಯಿಂಟ್. ಮಾಡದಿದ್ದರೆ ಪಾಯಿಂಟ್ ಇಲ್ಲ ಅಷ್ಟೇ. ಹೊಡೆಯೋ ದಂಡ ಬಿಟ್ಟರೆ ಕಟ್ಟೋ ದಂಡ ಯಾವುದೂ ಇರಲಿಲ್ಲ.

"ಚುರುಕು ಅಂದರೆ ಎಷ್ಟು ಅಕ್ಕೋರೇ?" ಅಂತ ಒಬ್ಬಳು ಕೇಳಿದಳು. "ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು" ಅಂದರು. ನಮಗೆ ಮಾತು ಹೇಗೂ ನಿಲ್ಲೋದಿಲ್ಲ. ಹಾಗಾಗಿ ಆಗಾಗ ಒಂದು ಸಾಲು ಹಾಡಿ ನೋಡುತ್ತಿದ್ದೆವು. ಸರಾಗವಾಗಿ ಹಾಡೋಕೆ ಬಂತು ಅಂದರೆ ಕಾಲು ಎಳೆಯುತ್ತಿದ್ದೇವೆ ಅಂತ ಲೆಕ್ಕ.

ಇನ್ನೊಂದು ಕಟ್ಟುನಿಟ್ಟು ಇತ್ತು. ಗುಂಪಿನಲ್ಲಿ ಯಾರೂ ತೂಕದ ಮಾತು ಎತ್ತುವ ಹಾಗಿಲ್ಲ. ತೂಕ ಇಳಿಸೋಕೇ ಅಲ್ವಾ ಇದೆಲ್ಲ ಅಂತ ನನಗೆ ಒಳಗೊಳಗೇ ಸಿಟ್ಟು. ತೂಕದ ಬದಲು ಅಕ್ಕೋರು ಮೊದಲ ದಿನ ಕೈಯಿಲ್ಲದ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಟ್ಟರು. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ನೋಡೋಣ ಅಂದರು. ವಯಸ್ಸಾದವರ ಕಾಲಿನ ಬಲ ಅಳೆಯೋಕೆ ಇದೇ ಪರೀಕ್ಷೆ ಮಾಡುತ್ತಾರಂತೆ. ನಾನು ಹತ್ತು ಸಲ ಎದ್ದೆ. ನನಗಿಂತ ಹದಿನೆಂಟು ವರ್ಷ ದೊಡ್ಡವರು, ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವರು, ಸೀರೆ ಎತ್ತಿ ಕಟ್ಟಿ ಹದಿನೇಳು ಸಲ ಎದ್ದರು. ಎದ್ದು, "ಇದೇನು ಆಟ?" ಅಂತ ಕೇಳಿದರು.

ಆ ಹದಿನೇಳು ನನ್ನ ತಲೆಯಲ್ಲಿ ಕೂತಿತು. ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ನಲವತ್ತು ಬೈಠಕ್ ಹೊಡೆದೆ. ಆ ದಿನ ಏನೂ ಆಗಲಿಲ್ಲ. ಮಾರನೆಯ ದಿನ ತೊಡೆ ಬಿಗಿಯಿತು. ಮೂರನೆಯ ದಿನ ಟಾಯ್ಲೆಟ್ಟಿನಲ್ಲಿ ಕೂತವಳಿಗೆ ಏಳೋಕೇ ಆಗಲಿಲ್ಲ. ನಲ್ಲಿ ಹಿಡಿದುಕೊಂಡು ಎದ್ದೆ. ನಲ್ಲಿ ಸ್ವಲ್ಪ ಬಾಗಿದೆ, ಮನೆಯವರಿಗೆ ಇನ್ನೂ ಗೊತ್ತಿಲ್ಲ. ಅಕ್ಕೋರು ನಕ್ಕರು. ಅಭ್ಯಾಸ ಇಲ್ಲದ ಕೆಲಸ ಮಾಡಿದರೆ ನೋವು ಒಂದರಿಂದ ಮೂರು ದಿನದೊಳಗೆ ಜಾಸ್ತಿ ಆಗಿ, ಆಮೇಲೆ ತಾನೇ ಇಳಿಯುತ್ತದಂತೆ. ಏಳುವಾಗ ಅಲ್ಲ, ಮೆಲ್ಲಗೆ ಕೂರುವಾಗಲೇ ಸ್ನಾಯುವಿಗೆ ಪೆಟ್ಟು ಹೆಚ್ಚು. ಹೊಸಬರು ಎಂಟು ಹತ್ತರಿಂದ ಶುರು ಮಾಡಬೇಕಿತ್ತು. ನೀವು ಶುರು ಮಾಡುವವರಿದ್ದರೆ ದಯವಿಟ್ಟು ಪಕ್ಕದವಳ ಲೆಕ್ಕ ನೋಡಬೇಡಿ. ಬಿಪಿ, ಹೃದಯದ ತೊಂದರೆ, ಮೊಣಕಾಲು ನೋವು ಇದ್ದರೆ ಮೊದಲು ಡಾಕ್ಟರರನ್ನು ಕೇಳಿ.

ಎರಡನೆಯ ವಾರಕ್ಕೆ ಗುಂಪಿನಲ್ಲಿ ಹೆಜ್ಜೆ ಎಣಿಸೋ ಚಟ ಬಂತು. ದಿನಕ್ಕೆ 10,000 ಆಗಲೇಬೇಕು ಅಂತ ಹಟ. ಒಬ್ಬಳು ಮನೆಯಲ್ಲೇ ಇದ್ದು ಹನ್ನೊಂದು ಸಾವಿರ ತೋರಿಸಿದಳು. ಫೋನನ್ನು ಮೊಮ್ಮಗುವಿನ ತೊಟ್ಟಿಲಿಗೆ ಕಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು! ಈ ಹತ್ತು ಸಾವಿರ ಯಾವ ಡಾಕ್ಟರೂ ಮೊದಲು ಹೇಳಿದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರು. ಅಲ್ಲಿಂದ ಆ ಲೆಕ್ಕ ಊರೂರು ತಿರುಗಿತು. ಅದಕ್ಕಿಂತ ಕಡಿಮೆ ನಡೆದರೂ ಲಾಭ ಇದ್ದೇ ಇದೆ.

ನಮ್ಮ ಕಡಲ ದಂಡೆಯಲ್ಲಂತೂ ಹೆಜ್ಜೆ ಲೆಕ್ಕ ಉಪಯೋಗಕ್ಕೇ ಬಾರದು. ಒಣ ಮರಳಿನಲ್ಲಿ ನಡೆದರೆ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಮ್ಯೂಸಿಯಂ ಮಾಡಿಟ್ಟ ಐಎನ್‌ಎಸ್ ಚಪಲ್ ಅನ್ನೋ ಹಳೆಯ ಯುದ್ಧನೌಕೆ ನಿಂತಿರುವ ಕಡೆಯಿಂದ ಹೊರಟು ಗಾಳಿಮರಗಳ ಸಾಲು ದಾಟುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಒದ್ದೆ ಮರಳು ಸಿಮೆಂಟಿನ ಹಾಗೆ, ಅಲ್ಲಿ ನಡೆಯೋದು ಸುಲಭ. ಆದರೆ ಭರತಿ ಬಂದು ನೀರು ಏರಿದ ಹೊತ್ತಿಗೆ ಆ ಪಟ್ಟಿಯೇ ಇರೋದಿಲ್ಲ. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಆರು ಗಂಟೆಗೇ ನಡೀತೀನಿ ಅಂತ ಗಡಿಯಾರ ನೋಡಿಕೊಂಡು ಹೊರಟರೆ ಸಮುದ್ರ ಕೇಳೋದಿಲ್ಲ. ಮೀನಿನವರು ತಿಥಿ ಎಣಿಸಿ ಹೇಳುತ್ತಿದ್ದರು, "ನಾಳೆ ಸ್ವಲ್ಪ ತಡ ಮಾಡಿ ಬನ್ನಿ." ಆಮೇಲೆ ಅವರ ಲೆಕ್ಕವೇ ನಮ್ಮ ಟೈಮ್‌ಟೇಬಲ್ ಆಯಿತು.

ಈಗ ಅತ್ತೆಯ ಮಾತಿಗೆ ಬರುತ್ತೇನೆ. ಮೂರನೆಯ ವಾರ ಅಕ್ಕೋರು ಸ್ವಲ್ಪ ಜಿಗಿಯೋದು ಸೇರಿಸಿದರು. ಅಂಗಳದಲ್ಲಿ ನಾನು ಜಿಗಿಯೋದು ಕಂಡು ಅತ್ತೆ ಕೂಗಿದರು, "ಹೆಂಗಸರು ಹಾಗೆಲ್ಲ ಹಾರಬಾರದು, ಗರ್ಭ ಜಾರ್ತದೆ!" ಅತ್ತೆಯನ್ನು ನೋಡಿ ನಗಬೇಡಿ. ದೊಡ್ಡ ದೊಡ್ಡವರೇ ಹಾಗೆ ತಿಳಿದಿದ್ದ ಕಾಲ ಇತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿದರು. ಇದು ಅವರ ಮೈಗೆ ಆಗದ ಓಟ ಅಂತ ತೆಗೆದುಹಾಕಿದವರು ಮತ್ತೆ ಇಟ್ಟದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಆಗ ನಾನು ಬಾಲವಾಡಿಗೆ ಹೋಗುತ್ತಿದ್ದೆ.

ಆದರೆ ಅತ್ತೆಯ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಜಿಗಿಯುವಾಗ ನನಗೆ ಒಂದೆರಡು ಹನಿ ಮೂತ್ರ ಹೋಗುತ್ತಿತ್ತು. ಕೆಮ್ಮಿದರೂ ಹೋಗುತ್ತಿತ್ತು, ಎರಡನೆಯ ಹೆರಿಗೆ ಆದಾಗಿನಿಂದ. ಯಾರ ಹತ್ತಿರ ಹೇಳೋದು? ಆ ದಿನ ಪಾಯಿಂಟ್ ಬೇಡ ಅಂತ ಬರೆದು ಸುಮ್ಮನಾದೆ. ಅಕ್ಕೋರು ಫೋನ್ ಮಾಡಿ ನೇರವಾಗಿ ಕೇಳಿದರು, "ಹಾರುವಾಗ ಒದ್ದೆ ಆಗ್ತದಾ?" ಹದಿನಾಲ್ಕು ಜನರಲ್ಲಿ ಆರು ಜನಕ್ಕೆ ಹೀಗೇ ಇತ್ತು. ಆರೂ ಜನ ಬೇರೆ ಬೇರೆ ನೆವ ಹೇಳಿ ಕೂತಿದ್ದೆವು, ಒಬ್ಬಳಿಗೆ ತಲೆನೋವು, ಒಬ್ಬಳಿಗೆ ನೆಂಟರು.

ಹೊಟ್ಟೆಯ ಕೆಳಗೆ ಮೂತ್ರಚೀಲ, ಗರ್ಭಕೋಶ ಎರಡನ್ನೂ ಉಯ್ಯಾಲೆಯ ಹಾಗೆ ಹೊತ್ತ ಸ್ನಾಯುಗಳಿವೆ. ಹೆರಿಗೆಯಲ್ಲಿ ಸಡಿಲ ಆಗುವುದು ಅವೇ. ಮೂತ್ರ ತಡೆಹಿಡಿಯುವಾಗ ಬಿಗಿಯುತ್ತೇವಲ್ಲ, ಹಾಗೆ ಐದು ಸೆಕೆಂಡ್ ಬಿಗಿಯಬೇಕು, ಐದು ಸೆಕೆಂಡ್ ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಹಿಡಿಯಬಾರದು, ಮೂತ್ರ ಮಾಡುವಾಗ ಈ ಅಭ್ಯಾಸ ಬೇಡ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು. ಫಲ ಕಾಣೋಕೆ ವಾರಗಳಲ್ಲ, ಎರಡು ಮೂರು ತಿಂಗಳೇ ಬೇಕು. ಜಾಸ್ತಿ ತೊಂದರೆ ಇದ್ದರೆ ನಾಚಿಕೆ ಬಿಟ್ಟು ಡಾಕ್ಟರರಿಗೆ ತೋರಿಸಬೇಕು. ನಾನು ಈಗ ಅನ್ನಕ್ಕೆ ಇಟ್ಟು ಕುಕ್ಕರ್ ಸೀಟಿ ಕಾಯುವಾಗ ಮಾಡುತ್ತೇನೆ. ಹೊರಗಿನವರಿಗೆ ಏನೂ ಕಾಣೋದಿಲ್ಲ. ಮೊನ್ನೆ ಅತ್ತೆಗೂ ಹೇಳಿಕೊಟ್ಟೆ. "ಇದನ್ನು ನಲವತ್ತು ವರ್ಷದ ಹಿಂದೆ ಯಾರೂ ಹೇಳಲಿಲ್ವಲ್ಲೇ" ಅಂದರು.

ಕೊನೆಯ ದಿನ ಅದೇ ಕುರ್ಚಿಯಲ್ಲಿ ಹದಿನಾಲ್ಕು ಸಲ ಎದ್ದೆ. ಪಾಯಿಂಟಿನಲ್ಲಿ ಒಂಬತ್ತನೆಯವಳು. ತೊಟ್ಟಿಲಿನ ಅಜ್ಜಿ ನನಗಿಂತ ಮುಂದೆ, ಅದು ಹೇಗೆ ಅಂತ ನಾನು ವಿಚಾರಿಸಲಿಲ್ಲ.

ಚೀಲ? ಎರಡನೆಯ ವಾರವೇ ಬಿಟ್ಟಿದ್ದೆ. ಇಪ್ಪತ್ತಮೂರನೆಯ ದಿನ ಬೀಚಿನಲ್ಲಿ ರಂಪಣಿ ಎಳೆಯುತ್ತಿದ್ದರು. ಬಲೆ ದಡಕ್ಕೆ ಬಂದಾಗ ಬಂಗಡೆ ಬೆಳ್ಳಿಯ ಹಾಗೆ ಕುಣಿಯುತ್ತಿತ್ತು. ನಮ್ಮ ಮೀನಿನವರು ಆರು ಬಂಗಡೆ ಎತ್ತಿ, "ಚೀಲ ಎಲ್ಲಿ ವೈನಿ?" ಅಂದರು.

"ಚೀಲ ತಂದಿಲ್ಲ. ಸುಮ್ನೆ ನಡೆಯೋಕೆ ಬಂದಿದ್ದೆ" ಅಂದೆ.

ಅವರು ಬಾಲಕ್ಕೆ ಬಳ್ಳಿ ಕಟ್ಟಿ ಕೈಗೆ ಕೊಟ್ಟರು. ಆ ದಿನದ ಉಳಿದ ಹದಿನೈದು ನಿಮಿಷ ಬಂಗಡೆ ಹಿಡಿದುಕೊಂಡೇ ನಡೆದೆ. ಅಕ್ಕೋರು ಅರ್ಧ ಪಾಯಿಂಟ್ ಕಡಿದರು, ಕೈ ಬೀಸಲಿಲ್ಲ ಅಂತ.

ನಮಸ್ಕಾರ.