1790ರ ತಲೆ, 1834ರ ತಲೆ

ಕೇಳುಗರಿಗೆ ನಮಸ್ಕಾರ.

ಕೊಡಗಿನ ಅರಸರ ಕತೆಯನ್ನು ನಾಟಕ ಮಾಡಲು ಹೊರಟರೆ ಒಬ್ಬ ಇಂಗ್ಲಿಷ್ ಅಧಿಕಾರಿ ರಂಗಕ್ಕೆ ಬರಲೇಬೇಕು. ಬಂದವನ ತಲೆಯ ಮೇಲೆ ಬಿಳಿ ಸುರುಳಿಗಳ ಟೋಪನ್, ಅಂದರೆ ಕಟ್ಟುಗೂದಲು, ಇದ್ದೇ ಇರುತ್ತದೆ. ಬಾಡಿಗೆ ಅಂಗಡಿಗೆ ಹೋಗಿ "ಒಬ್ಬ ದೊರೆಯ ತಲೆ ಕೊಡಿ" ಅಂದರೆ ಸಿಗುವುದು ಅದೊಂದೇ. ಹೆಗಲ ತನಕ ಇಳಿಬಿದ್ದ ಆ ಟೋಪನ್ ನಿಜಕ್ಕೂ ನ್ಯಾಯಾಧೀಶರದು. ಕುದುರೆ ಏರಿ ಘಟ್ಟ ಹತ್ತಿದ ಸಿಪಾಯಿ ದೊರೆಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾಗಿ ನಾಟಕದವರು ಬಂದಾಗ ನಾನು ಮೊದಲು ಕೇಳುವುದು, ಕತೆ ಯಾವ ಇಸವಿಯದು ಎಂದು. ದೊಡ್ಡವೀರರಾಜೇಂದ್ರ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡದ್ದು 1790ರಲ್ಲಿ. ಆ ಕಾಲದ ಅಧಿಕಾರಿಯ ಕೂದಲಿಗೆ ಬಿಳಿ ಪುಡಿ ಇರಬೇಕು. ಕಿವಿಯ ಮೇಲೆ ಒಂದೆರಡು ಸುರುಳಿ, ಬೆನ್ನ ಕಡೆ ಕಪ್ಪು ರಿಬ್ಬನ್ನಿನಲ್ಲಿ ಬಿಗಿದ ಉದ್ದ ಜುಟ್ಟು. ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ್ದು 1834ರಲ್ಲಿ. ನಡುವೆ ನಲವತ್ತನಾಲ್ಕೇ ವರ್ಷ, ಆದರೆ ತಲೆ ಪೂರ್ತಿ ಬದಲಾಗಿಬಿಟ್ಟಿದೆ. 1795ರಲ್ಲಿ ಬ್ರಿಟನ್ನಿನ ಸರ್ಕಾರ ಕೂದಲಿಗೆ ಹಾಕುವ ಪುಡಿಯ ಮೇಲೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹೇರಿತು, ಪುಡಿಯ ಶೋಕಿ ಇಳಿಯಿತು. 1808ರಲ್ಲಿ ಅವರ ಸೇನೆಯೇ ಜುಟ್ಟು ತೆಗೆಸಿತು. ಹಾಗಾಗಿ 1834ರಲ್ಲಿ ಮಡಿಕೇರಿಗೆ ಬಂದ ಕಂಪನಿಯ ಅಧಿಕಾರಿ ಕರ್ನಲ್ ಫ್ರೇಸರ್ ಪಾತ್ರಕ್ಕೆ ಬಿಳಿ ಟೋಪನ್ ತೊಡಿಸಿದರೆ ಅದು ಅವನ ತಾತನ ತಲೆ. ನಟನ ಸ್ವಂತ ಕೂದಲನ್ನೇ ಗಿಡ್ಡ ಮಾಡಿ, ಹಣೆಯ ಕಡೆಗೆ ಬಾಚಿ, ಕೆನ್ನೆಗೂದಲನ್ನು ಕಿವಿಯಿಂದ ಕೆಳಗಿಳಿಸಿ ಅಂಟಿಸಿ. ಬಾಡಿಗೆ ಹಣವೂ ಉಳಿಯಿತು.

ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಲಂಡನ್ನಿಗೆ ಹೋದಳು. ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆಯಾಗಿ ನಿಂತಳು. ಆ ಕಾಲದ ಆಂಗ್ಲ ಹೆಂಗಸರ ಕೇಶ ನಮ್ಮ ಹುಡುಗಿಯರಿಗೆ ಬಲು ಸುಲಭ. ನಡು ಬೈತಲೆ ತೆಗೆದು, ಕಿವಿಯನ್ನು ಅರ್ಧ ಮುಚ್ಚುವಂತೆ ನುಣ್ಣಗೆ ಬಾಚಿ, ಕತ್ತಿನ ಹತ್ತಿರ ತುರುಬು ಕಟ್ಟಿದರೆ ಮುಗಿಯಿತು. ಆದರೂ ಹುಡುಗಿಯರು ಹಣೆಯ ಮೇಲೆ ಗುಂಗುರು ಬಿಟ್ಟುಕೊಂಡು ಬರುತ್ತಾರೆ. ಸಿನಿಮಾ ಕಲಿಸಿದ ಪಾಠ, ಏನು ಮಾಡೋಣ!

ಕೊಡವ ಪಾತ್ರಗಳಲ್ಲಿ ನಮ್ಮ ಕೆಲಸ ಹಗುರ. ಗಂಡಸಿಗೆ ಮಂಡೆತುಣಿ ಎಂಬ ಪೇಟ, ಮದುವೆಯಾದ ಹೆಂಗಸಿಗೆ ತಲೆವಸ್ತ್ರ. ಎರಡೂ ಕೂದಲನ್ನು ಮುಚ್ಚಿಬಿಡುತ್ತವೆ. ಕಾಣುವುದು ಹಣೆಯಂಚು ಮತ್ತು ಕಿವಿಯ ಮುಂದಿನ ಎಳೆ ಮಾತ್ರ, ಅಲ್ಲಿ ಕೈ ಎಚ್ಚರ ಇದ್ದರೆ ಸಾಕು. ಕೊಡವ ಭಾಷೆಯ ನಾಟಕಕಾರ ಹರದಾಸ ಅಪ್ಪಚ್ಚಕವಿಯ ಕಾವೇರಿ ನಾಟಕದಂಥ ಪುರಾಣ ಪ್ರಸಂಗಕ್ಕೆ ಇಸವಿಯ ತಂಟೆಯೇ ಇಲ್ಲ. ಅಲ್ಲಿ ಕಷ್ಟ ಅಗಸ್ತ್ಯನ ಗಡ್ಡದ್ದು. ಒಂದೇ ತುಂಡಿನ ಗಡ್ಡವನ್ನು ದಾರದಲ್ಲಿ ಕಿವಿಗೆ ಸಿಕ್ಕಿಸಿದರೆ ಋಷಿ ಬಾಯಿ ತೆರೆದಾಗಲೆಲ್ಲ ಅದು ಬೇರೆಯೇ ಮಾತಾಡುತ್ತದೆ. ಹೆಣೆದ ಹಗ್ಗದಂತೆ ಸಿಗುವ ಕ್ರೇಪ್ ಕೂದಲನ್ನು ಬಿಡಿಸಿ, ಗಲ್ಲದ ಅಡಿಯಿಂದ ಶುರುಮಾಡಿ ಪದರ ಪದರವಾಗಿ ಮೇಲಕ್ಕೆ ಅಂಟಿಸುತ್ತ ಬನ್ನಿ. ಒಳಪದರಕ್ಕೆ ಕಪ್ಪು, ಹೊರಕ್ಕೆ ಬೂದು. ಗೋಂದು ಒದ್ದೆ ಇರುವಾಗಲೇ ಕೂದಲು ಒತ್ತಿದರೆ ಜಾರುತ್ತದೆ, ಬೆರಳಿಗೆ ಜಿಗುಟು ಸಿಗುವ ತನಕ ಕಾಯಬೇಕು. ನಟರಲ್ಲಿ ಒಂದು ಬೇಡಿಕೆ: ತಲೆಗೂ ಮುಖಕ್ಕೂ ತೆಂಗಿನೆಣ್ಣೆ ಬಳಿದುಕೊಂಡು ಗ್ರೀನ್‌ರೂಮಿಗೆ ಬರಬೇಡಿ. ಎಣ್ಣೆಯ ಮೇಲೆ ಯಾವ ಗೋಂದೂ ನಿಲ್ಲುವುದಿಲ್ಲ. ಹಿಂದಿನ ದಿನ ಸೀಗೆಪುಡಿ ಹಾಕಿ ತೊಳೆದು ಬನ್ನಿ. ನಾಟಕ ಮುಗಿದ ಮೇಲೆ ಗೋಂದು ಬಿಡಿಸಲು ಅದೇ ಎಣ್ಣೆ ಬೇಕಾಗುತ್ತದೆ, ಆಗ ಧಾರಾಳವಾಗಿ ಹಚ್ಚಿಕೊಳ್ಳಿ.

ಇನ್ನು ನಮ್ಮ ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಸುರಿಯುವ ಮಡಿಕೇರಿಯಲ್ಲಿ ನಿಜಕೂದಲಿನ ಟೋಪನ್ ಸಾಕುವುದು ಹಟದ ಕೆಲಸ. ಬಿಸಿ ಕೊಟ್ಟು ಕೂರಿಸಿದ ಸುರುಳಿ ನಿಲ್ಲುವುದು ಕೂದಲೊಳಗಿನ ಸಣ್ಣ ಸಣ್ಣ ಬಂಧಗಳಿಂದ. ತೇವ ಹೀರಿಕೊಂಡ ಕೂಡಲೇ ಅವು ಸಡಿಲವಾಗುತ್ತವೆ. ಮೊದಲ ಅಂಕದಲ್ಲಿ ಗುಂಗುರಾಗಿದ್ದ ರಾಣಿ ಮೂರನೆಯ ಅಂಕಕ್ಕೆ ನೆಟ್ಟಗಾಗಿರುತ್ತಾಳೆ. ಮಳೆಗಾಲದ ಆಟಿ ತಿಂಗಳ ಪ್ರಯೋಗಕ್ಕೆ ನಾನು ಕೃತಕ ನೂಲಿನದನ್ನೇ ಆರಿಸುತ್ತೇನೆ. ಬಿಸಿ ಹಬೆಯಲ್ಲಿ ಒಮ್ಮೆ ಆಕಾರ ಕೊಟ್ಟು ಆರಿಸಿಟ್ಟರೆ ಚಳಿಗೂ ತೇವಕ್ಕೂ ಅದು ಬಗ್ಗುವುದಿಲ್ಲ. ಕಾದ ಕಬ್ಬಿಣ ಮಾತ್ರ ತಾಗಿಸಬೇಡಿ, ಕರಗಿ ಮುದ್ದೆಯಾಗುತ್ತದೆ. ದೀಪದ ಕೆಳಗೆ ತೀರಾ ಹೊಳೆದರೆ ತುಸು ಪೌಡರ್ ಸವರಿ. ತುಸು ಅಂದರೆ ತುಸುವೇ. ಅಪ್ಪ ಮಗ ಅಪ್ಪಿಕೊಳ್ಳುವ ದೃಶ್ಯದಲ್ಲಿ ಮುದುಕನ ತಲೆಯಿಂದ ಬಿಳಿ ಮೋಡ ಏಳುವುದನ್ನು ನಾವೆಲ್ಲ ಕಂಡಿದ್ದೇವೆ.

ಟೋಪನ್ ತೊಡುವ ಮುಂಚೆ ಸ್ವಂತ ಕೂದಲನ್ನು ಚಪ್ಪಟೆ ಮಾಡಬೇಕು. ಉದ್ದ ಜಡೆಯವರು ಎರಡು ಹೆರಳು ಹಾಕಿ ತಲೆಯ ಸುತ್ತ ಬಿಗಿಯಾಗಿ ಪಿನ್ ಮಾಡಿ, ಮೇಲೆ ಹಳೆಯ ಸ್ಟಾಕಿಂಗ್ಸಿನ ಟೊಪ್ಪಿ ಎಳೆದುಕೊಳ್ಳಲಿ. ಎಲ್ಲವನ್ನೂ ನಡುನೆತ್ತಿಗೆ ಗುಡ್ಡೆ ಹಾಕಿದರೆ ತಲೆ ಎರಡು ಅಂಗುಲ ಎತ್ತರವಾಗುತ್ತದೆ. ಟೋಪನ್ ಸುಳ್ಳೆಂದು ಮೊದಲು ಹೇಳುವುದು ಹಣೆಯಂಚು. ಬಲೆಯ ಮೇಲೆ ಒಂದೊಂದೇ ಎಳೆ ಗಂಟು ಹಾಕಿದ ಅಂಚು ಸಹಜ, ಆದರೆ ದುಬಾರಿ. ಅಷ್ಟು ಹಣ ಇಲ್ಲದ ತಂಡ ನಟಿಯ ಸ್ವಂತ ಮುಂಗೂದಲನ್ನು ಎರಡು ಬೆರಳಷ್ಟು ಹೊರಗೆ ಬಿಟ್ಟು, ಟೋಪನ್ನಿನ ಅಂಚಿನ ಮೇಲೆ ಹಿಂದಕ್ಕೆ ಬಾಚಿ ಸೇರಿಸಿಬಿಡಬಹುದು. ಬಣ್ಣ ಹೊಂದಿದರೆ ಮೊದಲ ಸಾಲಿನವರಿಗೂ ಗೊತ್ತಾಗುವುದಿಲ್ಲ.

ಮಡಿಕೇರಿ ದಸರಾ ಮೆರವಣಿಗೆಯ ಮಂಟಪಗಳಲ್ಲಿ ಬರುವ ರಾಕ್ಷಸರ ವಿಷಯದಲ್ಲಿ ಇಷ್ಟೆಲ್ಲ ತಕರಾರು ನನಗಿಲ್ಲ. ನಡುರಾತ್ರಿ, ದೂರದ ನೋಟ, ಕಣ್ಣು ಕೋರೈಸುವ ದೀಪ. ಸೆಣಬಿನ ನಾರಿಗೆ ಕಪ್ಪು ಬಣ್ಣ ಹಾಕಿದರೂ ಮಹಿಷಾಸುರ ಗೆಲ್ಲುತ್ತಾನೆ.

ಆಟ ಮುಗಿದ ರಾತ್ರಿಯೇ ಟೋಪನ್ನಿನ ಒಳಬಟ್ಟೆಯ ಬೆವರನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಗಾಳಿಗಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ವಾರದೊಳಗೆ ಬೂಷ್ಟು. ಕಪಾಟಿನ ತಳದಲ್ಲಿ, ಕೂದಲಿಗೂ ಬಟ್ಟೆಗೂ ತಾಗದಷ್ಟು ದೂರದಲ್ಲಿ, ಒಂದು ಸಣ್ಣ ಹಳೆಯ ಬಲ್ಬು ಉರಿಯಲಿ. ಈಗಿನ ಎಲ್‌ಇಡಿ ಆಗದು, ಅದರಲ್ಲಿ ಸಾಕಷ್ಟು ಕಾವಿಲ್ಲ. ಒಲೆಯ ಮೇಲಿನ ಅಟ್ಟವೂ ಒಣಗಿಸುತ್ತದೆ, ನಿಜ. ಆದರೆ ಆಮೇಲೆ ನಿಮ್ಮ ರಾಣಿ ಹೊಗೆಗಿಟ್ಟ ಮಾಂಸದ ವಾಸನೆ ಹೊತ್ತು ಬಂದರೆ ನನ್ನನ್ನು ದೂರಬೇಡಿ.

ನಮಸ್ಕಾರ.