ಕುರ್ಚಿಯಲ್ಲಿ ಕೂತ ಆಟಗಾರ

ಕೇಳುಗರಿಗೆ ನಮಸ್ಕಾರ.

ಆಡುವ ಅವಕಾಶವೇ ಸಿಗದೆ ಸೋತುಹೋಗಬಹುದಾದ ಆಟಗಳು ಹೆಚ್ಚಿಲ್ಲ. ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಬರದಿದ್ದರೆ ಫೀಲ್ಡಿಂಗ್ ಆದರೂ ಇರುತ್ತದೆ. ಟೆನಿಸ್‌ನಲ್ಲಿ ಚೆಂಡು ನಮ್ಮ ಕಡೆಗೂ ಬಂದೇ ಬರುತ್ತದೆ. ಪೂಲ್, ಅಂದರೆ ಕ್ಯೂ ಎಂಬ ಕೋಲಿನಿಂದ ಮೇಜಿನ ಮೇಲೆ ಚೆಂಡು ಹೊಡೆದು ಅಂಚಿನ ಪಾಕೆಟ್‌ಗಳಿಗೆ ಬೀಳಿಸುವ ಆಟ, ಹಾಗಲ್ಲ. ಎದುರಾಳಿ ಮೇಜಿನ ಮುಂದೆ ನಿಂತನೆಂದರೆ ನೀವು ಹೋಗಿ ಕುರ್ಚಿಯಲ್ಲಿ ಕೂರಬೇಕು. ಅವನು ತಪ್ಪುವವರೆಗೂ ಕೂತಿರಬೇಕು. ಅವನು ತಪ್ಪಲೇ ಇಲ್ಲ ಅಂದರೆ, ಕೂತಲ್ಲೇ ಸೋತು, ಎದ್ದು ಕೈಕುಲುಕಿ ಹೊರಡಬೇಕು. ಈ ಆಟದ ಒಂದು ದೊಡ್ಡ ಪಂದ್ಯಾವಳಿಯನ್ನು ಪ್ರೇಕ್ಷಕಿಯಾಗಿ ನೋಡಿದ ಅನುಭವ ಹೇಳೋಣ ಅಂತ ಬಂದಿದ್ದೇನೆ. ಚೆಂಡುಗಳ ಮಾತು ಎಷ್ಟಿರುತ್ತದೋ ಆ ಕುರ್ಚಿಯ ಮಾತೂ ಅಷ್ಟೇ ಇರುತ್ತದೆ.

2022ರ ಅಕ್ಟೋಬರ್‌ನಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮಗಳ ಮನೆಯಲ್ಲಿದ್ದೆ. ಅಳಿಯನಿಗೆ ಪೂಲ್ ಹುಚ್ಚು. ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಸ್ನೂಕರ್ ಪಾರ್ಲರ್‌ಗಳಲ್ಲಿ ಹತ್ತಿಸಿಕೊಂಡದ್ದಂತೆ. "ಅತ್ತೆ, ಅಟ್ಲಾಂಟಿಕ್ ಸಿಟಿಯಲ್ಲಿ ಯುಎಸ್ ಓಪನ್ ನಡೀತಿದೆ, ಬನ್ನಿ ಹೋಗೋಣ" ಎಂದ. ಯುಎಸ್ ಓಪನ್ ಅಂದರೆ ಟೆನಿಸ್ ಅಂದುಕೊಂಡು ಉತ್ಸಾಹದಿಂದ ಹೊರಟವಳಲ್ಲ ನಾನು. ಪೂಲ್ ಅಂತ ಗೊತ್ತಿದ್ದೇ ಹೊರಟೆ. ಅಕ್ಟೋಬರ್ ಚಳಿಯಲ್ಲಿ ಮನೆಯೊಳಗೆ ಕೂತು ಬೇಜಾರಾಗಿತ್ತು, ಅಷ್ಟೇ.

ಅಟ್ಲಾಂಟಿಕ್ ಸಿಟಿ ಸಮುದ್ರದ ದಂಡೆಯ ಜೂಜಿನ ಊರು. ಪಂದ್ಯಾವಳಿ ನಡೆಯುತ್ತಿದ್ದದ್ದು ಹ್ಯಾರಾಸ್ ಎಂಬ ದೊಡ್ಡ ಕ್ಯಾಸಿನೊ ಹೋಟೆಲಿನಲ್ಲಿ. ಕ್ಯಾಸಿನೊದ ಗದ್ದಲ, ಮಿಣಿಮಿಣಿ ದೀಪ ಎಲ್ಲ ದಾಟಿ ಪಂದ್ಯದ ಸಭಾಂಗಣಕ್ಕೆ ಕಾಲಿಟ್ಟರೆ ಲೋಕವೇ ಬೇರೆ. ಸಾಲುಸಾಲಾಗಿ ಮೇಜುಗಳು, ಪ್ರತಿ ಮೇಜಿನ ಮೇಲೂ ಬೆಳಕು, ಸುತ್ತ ಮಬ್ಬು. ಒಂದು ಕಡೆ ಯಾರೋ ಬ್ರೇಕ್ ಮಾಡಿದ, ಅಂದರೆ ಜೋಡಿಸಿಟ್ಟ ಚೆಂಡುಗಳನ್ನು ಮೊದಲ ಹೊಡೆತಕ್ಕೆ ಚದುರಿಸಿದ, ದಢಾರ್ ಸದ್ದು, ಇನ್ನೊಂದು ಕಡೆ ಚೆಂಡಿಗೆ ಚೆಂಡು ತಾಗಿದ ಟಕ್. ಮಾತು ಮಾತ್ರ ಇಲ್ಲ. ಏನಿದ್ದರೂ ಪಿಸುಮಾತು.

ಈ ಪಂದ್ಯಾವಳಿಗೆ ವಯಸ್ಸಾಗಿದೆ. ಶುರುವಾದದ್ದು 1976ರಲ್ಲಿ, ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ. ಅಲ್ಲಿ ಪೂಲ್ ಹಾಲ್ ನಡೆಸುತ್ತಿದ್ದ ಬ್ಯಾರಿ ಬೆರ್ಮನ್ ಇದನ್ನು ಹುಟ್ಟುಹಾಕಿದರು. ಮೊದಲ ವರ್ಷ ಗೆದ್ದವರು ಮೈಕ್ ಸೀಗಲ್. 1994ರಲ್ಲಿ ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ ಗೆಲ್ಲುವವರೆಗೆ ಅಮೆರಿಕದವರಲ್ಲದ ಯಾರೂ ಪ್ರಶಸ್ತಿ ಮುಟ್ಟಿರಲಿಲ್ಲ. ಈಗ ಮ್ಯಾಚ್‌ರೂಮ್ ಎಂಬ ಬ್ರಿಟಿಷ್ ಸಂಸ್ಥೆ ನಡೆಸುತ್ತದೆ. 2019ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯಿತು, 2020ರಲ್ಲಿ ಕೋವಿಡ್‌ನಿಂದ ನಿಂತಿತು, 2021ರಿಂದ ಅಟ್ಲಾಂಟಿಕ್ ಸಿಟಿಗೆ ಬಂತು. ಆಟಗಾರರು 256 ಮಂದಿ. ಹೆಸರಾಂತ ಚಾಂಪಿಯನ್ನರ ಪಕ್ಕದ ಮೇಜಿನಲ್ಲೇ, ಪ್ರವೇಶ ಶುಲ್ಕ ಕಟ್ಟಿ ಅದೃಷ್ಟ ನೋಡೋಣ ಅಂತ ಬಂದ ಆಟಗಾರರೂ ಇರುತ್ತಾರೆ. ಅದಕ್ಕೇ ನನ್ನ ಮಾತು ಕೇಳುವುದಾದರೆ ಫೈನಲ್ ದಿನಕ್ಕಿಂತ ಮೊದಲ ದಿನಗಳಲ್ಲಿ ಹೋಗಿ. ಫೈನಲ್‌ನಲ್ಲಿ ಒಂದೇ ಮೇಜು, ದೂರದ ಗ್ಯಾಲರಿ. ಮೊದಲ ದಿನಗಳಲ್ಲಿ ಹತ್ತಾರು ಮೇಜು, ನಿಮಗೂ ಆಟಗಾರನಿಗೂ ನಡುವೆ ನಾಲ್ಕು ಹೆಜ್ಜೆ.

ಆಟ ಗೊತ್ತಿಲ್ಲದವರಿಗೆ ನಿಯಮ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲಿ ಆಡುವುದು ನೈನ್ ಬಾಲ್. ಮೇಜು 9 ಅಡಿ ಉದ್ದ, ಅದರ ಅರ್ಧ ಅಗಲ. ಸ್ನೂಕರ್ ಮೇಜಿಗಿಂತ ಚಿಕ್ಕದು. ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಬರೆದ ಬಣ್ಣದ ಚೆಂಡುಗಳು, ಹೊಡೆಯಲು ಒಂದು ಬಿಳಿ ಚೆಂಡು. ಮೇಜಿನ ಮೇಲೆ ಉಳಿದಿರುವುದರಲ್ಲಿ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೇ ಬಿಳಿ ಚೆಂಡು ಮೊದಲು ತಾಗಬೇಕು. ಒಂಬತ್ತನ್ನು ಪಾಕೆಟ್‌ಗೆ ಹಾಕಿದವರಿಗೆ ಆ ಸುತ್ತು, ಅಂದರೆ ಆ ರ‍್ಯಾಕ್. ಒಂದು, ಎರಡು, ಮೂರು ಎಂದು ಎಂಟು ಚೆಂಡು ಹಾಕಿ ಒಂಬತ್ತರಲ್ಲಿ ತಪ್ಪಿದರೆ, ಹಾಕಿದ ಎಂಟಕ್ಕೂ ಬೆಲೆಯಿಲ್ಲ. ಎದುರಾಳಿ ಎದ್ದು ಬಂದು ಆ ಒಂದನ್ನು ಹಾಕಿ ಹೋಗುತ್ತಾನೆ. ಅನ್ಯಾಯ ಅನ್ನಿಸುತ್ತದೆ, ಅಲ್ಲವೇ? ನನಗೂ ಅನ್ನಿಸಿತು.

ಮೊದಲ ಅರ್ಧ ಗಂಟೆ ನನಗೆ ಏನೂ ಸ್ವಾರಸ್ಯ ಕಾಣಲಿಲ್ಲ. ಎಲ್ಲರೂ ಸುಲಭದ ಹೊಡೆತಗಳನ್ನೇ ಹೊಡೆಯುತ್ತಿದ್ದಾರೆ ಅನ್ನಿಸಿತು. ಚೆಂಡು ಪಾಕೆಟ್‌ನ ಬಾಯಿಗೆ ನೇರವಾಗಿದೆ, ಹೊಡೆದರು, ಬಿತ್ತು. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ? ಅಳಿಯನಿಗೆ ಹಾಗೇ ಹೇಳಿದೆ. ಅವನು ನಕ್ಕು, "ಅತ್ತೆ, ನೀವು ಬೀಳೋ ಚೆಂಡು ನೋಡ್ತಿದೀರ. ಬಿಳಿ ಚೆಂಡು ನೋಡಿ. ಅದು ಎಲ್ಲಿ ಹೋಗಿ ನಿಲ್ಲುತ್ತೆ ಅದಷ್ಟನ್ನೇ ನೋಡಿ" ಎಂದ.

ಆಮೇಲೆ ಕಣ್ಣು ತೆರೆಯಿತು. ಕೇರಂನಲ್ಲಿ ಪ್ರತಿ ಸಲ ಸ್ಟ್ರೈಕರನ್ನು ನಮ್ಮ ಗೆರೆಯ ಮೇಲೆ ಇಟ್ಟುಕೊಳ್ಳುತ್ತೇವೆ. ಪೂಲ್‌ನಲ್ಲಿ ಬಿಳಿ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ಹಾಗಾಗಿ ಮೂರನ್ನು ಹಾಕುವಾಗಲೇ ಬಿಳಿ ಚೆಂಡು ನಾಲ್ಕರ ಸರಿಯಾದ ಬದಿಗೆ ಹೋಗಿ ನಿಲ್ಲಬೇಕು. ಬರೀ ನಾಲ್ಕು ಬೀಳುವ ಹಾಗಲ್ಲ, ನಾಲ್ಕನ್ನು ಹೊಡೆದ ಮೇಲೆ ಐದರ ಕಡೆ ಹೊರಳುವ ಹಾಗೆ. ಚೆಂಡಿನ ನಡುವಿಗಿಂತ ಕೆಳಗೆ ಹೊಡೆದರೆ ಅದು ತಾಗಿದ ಮೇಲೆ ಹಿಂದಕ್ಕೆ ಬರುತ್ತದೆ. ಮೇಲೆ ಹೊಡೆದರೆ ಹಿಂಬಾಲಿಸಿ ಮುಂದೆ ಹೋಗುತ್ತದೆ. ಪಕ್ಕಕ್ಕೆ ಹೊಡೆದರೆ ಮೇಜಿನ ಅಂಚಿನ ರಬ್ಬರ್ ಪಟ್ಟಿಗೆ, ಅಂದರೆ ಕುಶನ್‌ಗೆ ಬಡಿದಾಗ ದಾರಿ ಬದಲಿಸುತ್ತದೆ. ನಾನು ಸುಲಭದ ಹೊಡೆತ ಅಂದುಕೊಂಡದ್ದೆಲ್ಲ ಹಿಂದಿನ ಹೊಡೆತದ ಫಲ. ಎದ್ದುಬಿದ್ದು ಕಷ್ಟದ ಹೊಡೆತ ಹೊಡೆದು ಚಪ್ಪಾಳೆ ಗಿಟ್ಟಿಸುವವನು, ಬಹುಪಾಲು, ಹಿಂದಿನ ಹೊಡೆತದಲ್ಲಿ ಬಿಳಿ ಚೆಂಡನ್ನು ಕೈಬಿಟ್ಟವನು.

ಇದಕ್ಕಿಂತಲೂ ನನಗೆ ರುಚಿಸಿದ್ದು ಪುಶ್ ಔಟ್. ಬ್ರೇಕ್ ಆಯಿತು, ಒಂದು ಚೆಂಡು ಬಿತ್ತು, ಆದರೆ ಮುಂದಿನ ಚೆಂಡು ಇನ್ನೊಂದರ ಹಿಂದೆ ಅಡಗಿಕೊಂಡಿದೆ. ಆಗ ಆಟಗಾರ "ಪುಶ್" ಎಂದು ಹೇಳಿ ಬಿಳಿ ಚೆಂಡನ್ನು ತನಗೆ ಬೇಕಾದ ಕಡೆ ತಳ್ಳಬಹುದು. ಯಾವ ಚೆಂಡಿಗೂ ತಾಗದಿದ್ದರೂ ಫೌಲ್ ಅಲ್ಲ. ಆದರೆ ಈಗ ಆಯ್ಕೆ ಎದುರಾಳಿಯದು. ಬೇಕಾದರೆ ತಾನು ಆಡಬಹುದು, ಬೇಡವಾದರೆ "ನೀನೇ ಆಡಪ್ಪ" ಎಂದು ವಾಪಸ್ ಕೊಡಬಹುದು. ಹಾಗಾಗಿ ತಳ್ಳುವವನು, ಎದುರಾಳಿಗೆ ಅಷ್ಟೇನೂ ಹಿಡಿಸದ, ಆದರೆ ತನಗೆ ನಿಭಾಯಿಸಲು ಬರುವ ಜಾಗವನ್ನೇ ಹುಡುಕಬೇಕು. ಎದುರಿಗಿರುವವನು ಸಾಹಸಿಯೋ ಲೆಕ್ಕಾಚಾರದವನೋ, ಚೆಂಡು ಹಾರಿಸುವುದರಲ್ಲಿ ಗಟ್ಟಿಗನೋ, ಎಲ್ಲ ಅಳೆಯಬೇಕು. ಕುರ್ಚಿಯಿಂದ ಎದ್ದು ಬಂದವನು ಮೇಜಿಗೆ ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಇನ್ನೊಮ್ಮೆ ನೋಡಿ, ತಲೆಯಾಡಿಸಿ ಮತ್ತೆ ಹೋಗಿ ಕೂತುಬಿಟ್ಟನೆಂದರೆ ತಳ್ಳಿದವನ ಮುಖ ನೋಡಬೇಕು! ತಾನು ತೋಡಿದ ಗುಂಡಿಗೆ ತಾನೇ ಇಳಿಯಬೇಕು ಈಗ.

ಸೇಫ್ಟಿಯೂ ಹೀಗೇ. ಹಾಕಲು ಆಗದಿದ್ದಾಗ ಬಿಳಿ ಚೆಂಡನ್ನು ಬೇರೆ ಚೆಂಡುಗಳ ಮರೆಗೆ ಅಡಗಿಸಿಡುತ್ತಾರೆ. ಎದುರಾಳಿ ಕುಶನ್‌ಗೆ ಬಡಿಸಿ ಸುತ್ತು ದಾರಿಯಿಂದ ತಾಗಿಸಬೇಕು, ಇಲ್ಲವೇ ಗಿಡ್ಡ ಕ್ಯೂ ತೆಗೆದು ಬಿಳಿ ಚೆಂಡನ್ನು ಹಾರಿಸಬೇಕು. ತಾಗದಿದ್ದರೆ ಫೌಲ್; ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲೆತ್ತಿ ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳುತ್ತಾನೆ. ಆ ಮಟ್ಟದ ಆಟಗಾರನಿಗೆ ಅದು ಸಿಕ್ಕರೆ ಉಳಿದದ್ದು ಕೇಳಬೇಡಿ. ಸುತ್ತು ದಾರಿಯ ಹೊಡೆತಕ್ಕೆ ರೇಯೆಸ್ ಅವರದ್ದೇ ಹೆಸರು. 1995ರಲ್ಲಿ ರೀನೋ ಎಂಬ ಊರಿನಲ್ಲಿ, ಅರ್ಲ್ ಸ್ಟ್ರಿಕ್‌ಲ್ಯಾಂಡ್ ವಿರುದ್ಧ 12–12 ಸಮ ಆಗಿದ್ದಾಗ, ಅಡಗಿದ್ದ ಐದನೇ ಚೆಂಡಿಗೆ ಎರಡು ಕುಶನ್ ಬಡಿಸಿ ತಾಗಿಸಿದ್ದಷ್ಟೇ ಅಲ್ಲ, ಪಾಕೆಟ್‌ಗೇ ಹಾಕಿಬಿಟ್ಟರು. ಇವತ್ತಿಗೂ ಪೂಲ್ ಮಂದಿ ಆ ಹೊಡೆತವನ್ನು ಜ಼ೆಡ್ ಶಾಟ್ ಎಂದು ನೆನೆಯುತ್ತಾರೆ.

ಇನ್ನು ಕುರ್ಚಿ.

ನಾವು ಕೂತದ್ದು ಒಂದು ಮೂಲೆಯ ಮೇಜಿನ ಹತ್ತಿರ. ಟಿವಿ ಕ್ಯಾಮೆರಾ ಇಲ್ಲ, ಮೇಜಿಗೊಬ್ಬ ರೆಫರಿಯೂ ಇಲ್ಲ. ಇಂಥ ಮೇಜುಗಳಲ್ಲಿ ಫೌಲ್ ಆದರೆ ಆಟಗಾರರೇ ಒಪ್ಪಿಕೊಳ್ಳುತ್ತಾರೆ, ಅನುಮಾನದ ಹೊಡೆತ ಬಂದಾಗ ಮಾತ್ರ ರೆಫರಿಯನ್ನು ಕೈಬೀಸಿ ಕರೆಯುತ್ತಾರೆ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ, ಎದುರಿಗೆ ನಡುವಯಸ್ಸಿನವರು. ಹುಡುಗ ಮೊದಲೆರಡು ರ‍್ಯಾಕ್ ಗೆದ್ದ. ಆಮೇಲೆ ಒಂದು ಹೊಡೆತ ತಪ್ಪಿ ಹೋಗಿ ಕೂತ. ಕೂತವನು ಏಳಲಿಲ್ಲ. ಮೊದಲು ನೀರು ಕುಡಿದ. ಕ್ಯೂವನ್ನು ಟವೆಲಿನಿಂದ ಒರೆಸಿದ. ಟವೆಲನ್ನು ನಾಲ್ಕಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಬಿಡಿಸಿ ಮತ್ತೆ ಒರೆಸಿದ. ಅಷ್ಟೊತ್ತಿಗೆ ಆ ಕ್ಯೂನಲ್ಲಿ ಒರೆಸುವಂಥದ್ದು ಏನೂ ಉಳಿದಿರಲಿಲ್ಲ. ಏಸಿ ತಣ್ಣಗೆ ಸುರಿಯುತ್ತಿತ್ತು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಮೇಜಿನ ಕಡೆ ನೋಡಬಾರದು ಅಂತ ಛಾವಣಿ ನೋಡುತ್ತಿದ್ದ, ಆದರೆ ಪ್ರತಿ ಟಕ್ ಸದ್ದಿಗೂ ಕಣ್ಣು ತಾನಾಗಿ ಕೆಳಗಿಳಿಯುತ್ತಿತ್ತು. ಕೊನೆಗೆ ಹಿರಿಯರು ಒಂದು ಚೆಂಡು ತಪ್ಪಿಸಿದರು. ಹುಡುಗ ಎದ್ದ. ಎದುರಿಗಿದ್ದದ್ದು ನಾನೂ ಹಾಕಬಹುದೇನೋ ಅನ್ನಿಸುವಂಥ ಹೊಡೆತ. ತಪ್ಪಿದ. ಕೈ ತಣ್ಣಗಾಗಿತ್ತು, ಅಳತೆ ಮರೆತಿತ್ತು. ನನ್ನ ಬಾಯಿಂದ ಅಯ್ಯೋ ಅಂತ ಕನ್ನಡದಲ್ಲೇ ಬಂತು; ಪಕ್ಕದ ಅಮೆರಿಕನ್ ಹೆಂಗಸಿಗೆ ಅರ್ಥವಾಯಿತು.

ಈ ಕುರ್ಚಿಯ ಕತೆಗಳಲ್ಲಿ ದೊಡ್ಡದು ಅದೇ ಹ್ಯಾರಾಸ್‌ನಲ್ಲಿ, ನಾವು ಹೋದದ್ದಕ್ಕೆ ಒಂದು ವರ್ಷ ಮೊದಲು ನಡೆದಿತ್ತು. 2021ರ ಫೈನಲ್. ಮೊದಲು 13 ರ‍್ಯಾಕ್ ಗೆದ್ದವರಿಗೆ ಪ್ರಶಸ್ತಿ. ಸಿಂಗಪುರದ ಅಲೋಶಿಯಸ್ ಯಾಪ್ 8, ಫಿಲಿಪ್ಪೀನ್ಸ್‌ನ ಕಾರ್ಲೊ ಬಿಯಾಡೊ 3. ಇನ್ನೇನು ಮುಗಿಯಿತು ಅನ್ನುವ ಹೊತ್ತು. ಅಲ್ಲಿಂದ ಬಿಯಾಡೊ ಸತತವಾಗಿ ಹತ್ತು ರ‍್ಯಾಕ್ ಗೆದ್ದರು. 13–8. ಯಾಪ್ ಖಾತೆಯಲ್ಲಿ ಎಂಟು ಎಂಟಾಗಿಯೇ ಉಳಿಯಿತು. ಆ ಫೈನಲ್‌ನ ವಿಡಿಯೋವನ್ನು ಅಳಿಯ ಕಾರಿನಿಂದ ಇಳಿಯುವ ಮೊದಲೇ ಫೋನಿನಲ್ಲಿ ತೋರಿಸಿದ್ದ. ಆಗ ನಾನು ಬಿಯಾಡೊ ಅವರನ್ನು ಮಾತ್ರ ನೋಡಿದ್ದೆ. ಮನೆಗೆ ಬಂದ ಮೇಲೆ ಮತ್ತೆ ಹಾಕಿಸಿ ಯಾಪ್ ಅವರನ್ನು ನೋಡಿದೆ. ಅಂಥ ಸೋಲಿನಿಂದ ಎಷ್ಟೋ ಜನ ಮೇಲೇಳುವುದಿಲ್ಲ. ಯಾಪ್ ಎದ್ದರು: 2025ರಲ್ಲಿ ಇದೇ ಯುಎಸ್ ಓಪನ್ ಗೆದ್ದರು.

ಶೇನ್ ವ್ಯಾನ್ ಬೋನಿಂಗ್ ಅವರ ವಿಷಯ ಹೇಳದಿದ್ದರೆ ಅಳಿಯ ಕೋಪಿಸಿಕೊಳ್ಳುತ್ತಾನೆ. ದಕ್ಷಿಣ ಡಕೋಟಾದವರು, ಯುಎಸ್ ಓಪನ್ ಐದು ಸಲ ಗೆದ್ದವರು, ನಾವು ಹೋದ ವರ್ಷದ ವಿಶ್ವ ಚಾಂಪಿಯನ್. ಹುಟ್ಟಿನಿಂದಲೂ ಕಿವಿ ಮಂದ. ಆಡುವಾಗ ಶ್ರವಣಯಂತ್ರವನ್ನು ಆಫ್ ಮಾಡಿಕೊಳ್ಳುವುದುಂಟು. ಕುರ್ಚಿಯಲ್ಲಿ ಕೂತಾಗ ಇದಕ್ಕಿಂತ ದೊಡ್ಡ ವರ ಬೇಕೇ ಎಂದು ನನಗನ್ನಿಸಿತು; ಅಳಿಯ ಒಪ್ಪಲಿಲ್ಲ.

ಎಲ್ಲ ಪಂದ್ಯಾವಳಿಯೂ ಹೀಗೆ ಸದ್ದಡಗಿ ನಡೆಯುವುದಿಲ್ಲ. ಯುರೋಪ್ ಮತ್ತು ಅಮೆರಿಕ ತಂಡಗಳ ನಡುವೆ 1994ರಿಂದ ಮಾಸ್ಕೋನಿ ಕಪ್ ನಡೆಯುತ್ತಿದೆ. ಅಲ್ಲಿ ಪ್ರೇಕ್ಷಕರು ಹಾಡುತ್ತಾರೆ, ಕೂಗುತ್ತಾರೆ, ಎದುರು ತಂಡದವರನ್ನು ಛೇಡಿಸುತ್ತಾರೆ. ಯಾರ ಹೆಸರಿನಲ್ಲಿ ಈ ಗದ್ದಲವೋ ಆ ವಿಲ್ಲಿ ಮಾಸ್ಕೋನಿ ಸೂಟು ತೊಟ್ಟು ಆಡುತ್ತಿದ್ದ ಹಳೆಯ ಕಾಲದವರು. 1954ರಲ್ಲಿ ಒಂದೂ ತಪ್ಪದೆ 526 ಚೆಂಡು ಹಾಕಿದವರು. ಕಪ್ ಶುರುವಾಗುವ ಹಿಂದಿನ ವರ್ಷ ತೀರಿಕೊಂಡರು. ಅವರು ಇದನ್ನೆಲ್ಲ ನೋಡಲಿಲ್ಲ ಎಂಬುದು ಒಳ್ಳೆಯದೇ ಆಯಿತೇನೋ. ನನ್ನ ಮತ ಕೇಳಿದರೆ ಗದ್ದಲ ಬೇಡ. ಆ ಹುಡುಗ ಅಂಗೈ ಉಜ್ಜಿದ್ದು ಕಣ್ಣಿಗೆ ಬೀಳಬೇಕಾದರೆ ಸುತ್ತಲೂ ಶಾಂತಿ ಇರಬೇಕು.

ಪ್ರೇಕ್ಷಕರಿಗೂ ಅಲ್ಲಿ ಶಿಸ್ತಿದೆ. ಆಟಗಾರ ಕ್ಯೂ ಹಿಡಿದು ಬಗ್ಗಿದ್ದಾಗ ಅವನ ಕಣ್ಣಳತೆಯಲ್ಲಿ ಅಲುಗಾಡಬಾರದು. ಏಳಬೇಕಾದರೆ ಚೆಂಡು ಜೋಡಿಸುವಾಗ ಏಳಬೇಕು. ಫೋನ್ ಸದ್ದು ಮಾಡಬಾರದು, ಫ್ಲಾಶ್ ಬೇಡವೇ ಬೇಡ. ಸ್ವೆಟರ್ ಮರೆಯಬೇಡಿ.

ಬೆಂಗಳೂರಿನ ಕೇಳುಗರಿಗೆ ಒಂದು ಮಾತು. ಕ್ಯೂ ಹಿಡಿಯುವ ಆಟಗಳು ನಮಗೆ ಹೊಸದಲ್ಲ. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ; ಅದರ ನಿಯಮಗಳು ಬೆಳೆದದ್ದು ನಮ್ಮ ನೆರೆಯ ಊಟಿ ಕ್ಲಬ್ಬಿನಲ್ಲಿ. ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲಿ, ಅರವಿಂದ್ ಸವೂರ್ ಅವರ ಕೈಯಲ್ಲಿ ಪಳಗಿದವರು. ಅಡ್ವಾಣಿ ಬಿಲಿಯರ್ಡ್ಸ್‌ನಲ್ಲಿ ನೂರು, ಇನ್ನೂರು ಎಂದು ಅಂಕ ಕೂಡಿಸುತ್ತಾ ಹೋಗುವಾಗ ಎದುರಾಳಿ ಕೂರುವ ಹೊತ್ತಿಗೆ ಹೋಲಿಸಿದರೆ ಪೂಲ್‌ನ ಕುರ್ಚಿ ಏನೇನೂ ಅಲ್ಲ. ವಸಂತನಗರದಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ. ನಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಬಿಲಿಯರ್ಡ್ಸ್, ಸ್ನೂಕರ್ ಜೊತೆಗೆ ಪೂಲ್ ಸ್ಪರ್ಧೆಗಳೂ ಇರುತ್ತವೆ. ಊರಿನಲ್ಲಿ ಯಾವುದಾದರೂ ನಡೆಯುತ್ತಿದೆ ಎಂದು ಪತ್ರಿಕೆಯಲ್ಲಿ ಕಂಡರೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ.

ಆ ವರ್ಷದ ಫೈನಲ್‌ಗೆ ನಾವು ಇರಲಿಲ್ಲ, ಅಳಿಯನ ರಜೆ ಮುಗಿದಿತ್ತು. ಸ್ಪೇನಿನ ಫ್ರಾನ್ಸಿಸ್ಕೊ ಸ್ಯಾಂಚೆಜ್ ರೂಯಿಜ್, ಆಸ್ಟ್ರಿಯಾದ ಮ್ಯಾಕ್ಸ್ ಲೆಕ್ನರ್ ಅವರನ್ನು 13–10ರಿಂದ ಸೋಲಿಸಿದರು. ಈಗ ನಾನು ಮೈಸೂರಿನ ಮನೆಯಲ್ಲಿ, ಫೋನಿನಲ್ಲೇ ಪಂದ್ಯ ನೋಡುತ್ತೇನೆ. ಚೆಂಡುಗಳು ಅಲ್ಲಿಗಿಂತ ಚೆನ್ನಾಗಿ ಕಾಣುತ್ತವೆ. ಆದರೆ ಕ್ಯಾಮೆರಾ ಮೇಜಿನ ಮೇಲೇ ನಿಂತುಬಿಟ್ಟಿರುತ್ತದೆ. ಯಾರಾದರೂ ಒಬ್ಬರು ಐದಾರು ರ‍್ಯಾಕ್ ಸತತವಾಗಿ ಹೊಡೆದಾಗ, ಕೂತವರ ಕಡೆ ಒಂದು ಸಲ ತಿರುಗಿಸ್ರಪ್ಪಾ ಎಂದು ನಾನು ಕಾಯುತ್ತಿರುತ್ತೇನೆ. ಅವರು ಅದೇ ಹೊತ್ತಿಗೆ ಜಾಹೀರಾತು ಹಾಕುತ್ತಾರೆ.

ನಮಸ್ಕಾರ.