ಬ್ಯಾಪ್ಟಿಸ್ಟರು ಎಲ್ಲಿಂದ ಬಂದ್ರು? ಒಂದು ಹಳೇ ಜಗಳ

ಎಲ್ರಿಗೂ ನಮಸ್ಕಾರ. ಬ್ಯಾಪ್ಟಿಸ್ಟರು ಅಂದ್ರೆ ಕೂಸುಗಳಿಗೆ ಕೊಡದೆ, ನಂಬಿಕೆ ಇರೋರಿಗೆ ಮಾತ್ರ ದೀಕ್ಷಾಸ್ನಾನ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸೋ ವಿಧಿ) ಕೊಡೋ ಒಂದು ಕ್ರೈಸ್ತ ಪಂಗಡ. ಬ್ಯಾಪ್ಟಿಸ್ಟ್ ಅಂದ ಕೂಡ್ಲೇ ನಮ್ಮಲ್ಲಿ ತುಂಬ ಜನಕ್ಕೆ ಬೈಬಲ್ಲಿನ ಸ್ನಾನಿಕನಾದ ಯೋಹಾನನೇ ನೆನಪಾಗೋದು, ಅವನಿಂದಲೇ ಈ ಪಂಗಡ ಶುರುವಾಗಿ ಎಲ್ಲೂ ಕಡಿದುಹೋಗದೆ ಬಂದಿದೆ ಅಂತ ನಂಬೋರೂ ಇದಾರೆ. ನಗಬೇಡಿ, ಇದೇ ವಿಷಯಕ್ಕೆ ಅಮೆರಿಕದಲ್ಲಿ ಒಬ್ಬ ಪಂಡಿತರ ಕುರ್ಚಿನೇ ಹೋಯ್ತು, ಆಮೇಲೆ ಹೇಳ್ತೀನಿ.

ಮೊದ್ಲು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗೋಣ, 1609. ಜಾನ್ ಸ್ಮಿತ್ ಅಂತ ಒಬ್ರು, ಕೇಂಬ್ರಿಡ್ಜಲ್ಲಿ ಓದಿದೋರು, ಇಂಗ್ಲೆಂಡಿನ ಸರ್ಕಾರಿ ಚರ್ಚ್ ಸರಿಯಿಲ್ಲ ಅಂತ ಹೊರಬಂದು ಗೇನ್ಸ್‌ಬರೋ ಊರಿನ ತಮ್ಮ ಗುಂಪು ಕಟ್ಕೊಂಡು ಹಾಲೆಂಡಿಗೆ ಓಡಿಹೋದೋರು. ಅಲ್ಲಿ ಕೂತು ಯೋಚಿಸ್ತಾ ಯೋಚಿಸ್ತಾ ಅವ್ರಿಗೆ ಅನಿಸಿದ್ದೇನಂದ್ರೆ, ಏನೂ ಗೊತ್ತಿಲ್ಲದ ಕೂಸಿನ ತಲೆಗೆ ನೀರು ಹಾಕಿದ್ರೆ ಅದು ದೀಕ್ಷಾಸ್ನಾನ ಹೇಗಾಗತ್ತೆ, ನಂಬಿಕೆ ಇರೋನಿಗೆ ತಾನೇ ಅದು? ಸರಿ, ಹಾಗಾದ್ರೆ ತಮಗೆ ಆಗಿದ್ದೂ ಸುಳ್ಳೇ. ಹೊಸದಾಗಿ ತಗೋಬೇಕು, ಆದ್ರೆ ಕೊಡೋರ್ ಯಾರು? ಕೊಡೋನಿಗೂ ಸರಿಯಾದ ಸ್ನಾನ ಆಗಿರ್ಬೇಕಲ್ಲ. ಕೊನೆಗೆ ಸ್ಮಿತ್ ತಮಗೆ ತಾವೇ ದೀಕ್ಷಾಸ್ನಾನ ಕೊಟ್ಕೊಂಡ್ರು, ಆಮೇಲೆ ತಮ್ಮ ಗುಂಪಿನ ಥಾಮಸ್ ಹೆಲ್ವಿಸ್‌ಗೆ, ಉಳಿದೋರಿಗೆ. ಗುರು ಇಲ್ಲದೆ ತಾನೇ ದೀಕ್ಷೆ ತಗೊಳ್ಳೋದು ಅಂದ್ರೆ ನಮ್ಮ ಕಡೆ ಮಠದೋರು ಏನಂತಾರೆ ಯೋಚ್ನೆ ಮಾಡಿ, ಅಲ್ಲೂ ಹಾಗೇ ಆಡ್ಕೊಂಡ್ರು.

ತಮಾಷೆ ಅಂದ್ರೆ ಅದೇ ಊರಲ್ಲಿ ಮೆನೊನೈಟರು ಅನ್ನೋ ಇನ್ನೊಂದು ಕ್ರೈಸ್ತ ಪಂಗಡದೋರು ಇದ್ರು, ಅವ್ರೂ ಕೂಸುಗಳಿಗೆ ಕೊಡದೆ ದೊಡ್ಡೋರಿಗೇ ಕೊಡೋರು. ಈ ಇಂಗ್ಲಿಷ್ ಗುಂಪು ವಾಸ ಮಾಡಿದ ಬೇಕರಿ ಕಟ್ಟಡ ಕೂಡ ಯಾನ್ ಮುಂಟರ್ ಅನ್ನೋ ಮೆನೊನೈಟನದ್ದೇ! ಸ್ವಲ್ಪ ದಿನಕ್ಕೆ ಸ್ಮಿತ್‌ಗೆ ಅಯ್ಯೋ ದುಡುಕಿಬಿಟ್ಟೆ, ಇವ್ರ ಹತ್ರನೇ ಹೋಗ್ಬೇಕಿತ್ತು ಅನ್ನಿಸಿ ಅವ್ರ ಸಭೆ ಸೇರೋಕೆ ಅರ್ಜಿ ಹಾಕಿದ್ರು, ಹೆಲ್ವಿಸ್ ಒಪ್ಪಲಿಲ್ಲ, ಇಬ್ಬರೂ ಬೇರೆಯಾದ್ರು. ಸ್ಮಿತ್ 1612ರಲ್ಲಿ ತೀರ್ಕೊಂಡ್ರು, ಅವ್ರ ಕಡೆಯೋರನ್ನ ಮೆನೊನೈಟರು ಸೇರಿಸ್ಕೊಂಡಿದ್ದು 1615ರಲ್ಲಿ. ಅಂದ್ರೆ ಬ್ಯಾಪ್ಟಿಸ್ಟರ ಮೂಲಪುರುಷ ಅಂತ ನಾವು ಕರೆಯೋ ಮನುಷ್ಯ ಸಾಯೋ ಹೊತ್ತಿಗೆ ಬ್ಯಾಪ್ಟಿಸ್ಟ್ ಆಗಿರೋಕೇ ಇಷ್ಟಪಟ್ಟಿರ್ಲಿಲ್ಲ.

ಹೆಲ್ವಿಸ್ ಲಂಡನ್ನಿಗೆ ವಾಪಸ್ ಬಂದು ಸ್ಪಿಟಲ್‌ಫೀಲ್ಡ್ಸಲ್ಲಿ ಸಭೆ ಶುರು ಮಾಡಿದ್ರು, ಇಂಗ್ಲೆಂಡಿನ ನೆಲದ ಮೇಲೆ ಮೊದಲ್ನೇ ಬ್ಯಾಪ್ಟಿಸ್ಟ್ ಸಭೆ ಅದೇ. ರಾಜ ಜೇಮ್ಸ್‌ಗೆ ತಮ್ಮ ಪುಸ್ತಕ ಕಳ್ಸಿ, ನೀನೂ ಸಾಯೋ ಮನುಷ್ಯನೇ, ದೇವರಲ್ಲ, ಪ್ರಜೆಗಳ ಆತ್ಮದ ಮೇಲೆ ನಿಂಗೆ ಅಧಿಕಾರ ಇಲ್ಲ ಅಂತ ಬರೆದ್ರು. ನ್ಯೂಗೇಟ್ ಜೈಲು ಸೇರಿದ್ರು, 1616ರ ಹೊತ್ತಿಗೆ ತೀರ್ಕೊಂಡಿದ್ರು. ನನಗಂತೂ ಈ ಇಡೀ ಕಥೇಲಿ ಇಷ್ಟ ಆಗೋ ಮನುಷ್ಯ ಇವ್ರೇ.

ಈಗ ಜಗಳ. ಒಂದು ಪಕ್ಷದೋರು ಹೇಳೋದು, ಬೇರು ಇರೋದು ಜ್ಯೂರಿಕಲ್ಲಿ, 1525ರ ಜನವರೀಲಿ ಕಾನ್ರಾಡ್ ಗ್ರೇಬೆಲ್ ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ರಲ್ಲ, ಆ ಅನಾಬ್ಯಾಪ್ಟಿಸ್ಟರಿಂದ (ಕೂಸಾಗಿದ್ದಾಗ ಆದ ಸ್ನಾನ ಒಪ್ಪದೆ ದೊಡ್ಡೋರಾದ್ಮೇಲೆ ಕೊಡೋರು) ಮೆನೊನೈಟರು, ಅವ್ರಿಂದ ಬ್ಯಾಪ್ಟಿಸ್ಟರು ಅಂತ. ಇನ್ನೊಂದು ಪಕ್ಷದೋರು, ಇಲ್ಲ ಇದು ಶುದ್ಧ ಇಂಗ್ಲಿಷ್ ಪ್ಯೂರಿಟನ್ (ಸರ್ಕಾರಿ ಚರ್ಚನ್ನ ಇನ್ನೂ ಶುದ್ಧ ಮಾಡ್ಬೇಕು ಅಂದೋರು) ತರ್ಕದ ಕೂಸು ಅಂತಾರೆ. ನಾನು ಜಾಸ್ತಿ ಈ ಎರಡ್ನೇ ಕಡೆ, ಯಾಕಂದ್ರೆ ಹೆಲ್ವಿಸ್ ಆಣೆ ಇಡೋದು, ಸರ್ಕಾರಿ ಅಧಿಕಾರ ಹಿಡಿಯೋದು ಇಂಥ ವಿಷ್ಯದಲ್ಲಿ ಮೆನೊನೈಟರನ್ನ ಒಪ್ಲೇ ಇಲ್ಲ. ಹಾಗಂತ ಅವ್ರ ಕಟ್ಟಡದಲ್ಲೇ ಇದ್ಕೊಂಡು ಅವ್ರ ಗಾಳಿನೇ ಸೋಕಲಿಲ್ಲ ಅಂದ್ರೆ ಅದನ್ನೂ ನಂಬೋಕಾಗಲ್ಲ.

ಮೂರ್ನೇ ಪಕ್ಷದೋರೇ ಯೋಹಾನನ ಪರಂಪರೆಯವ್ರು. ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಜೆ. ಎಂ. ಕ್ಯಾರಲ್ ಅವ್ರ ಉಪನ್ಯಾಸಗಳು 1931ರಲ್ಲಿ ಪುಸ್ತಕವಾಗಿ ಬಂದ್ವು, ಅದ್ರಲ್ಲಿ ಡೊನಾಟಿಸ್ಟರು, ಆಲ್ಬಿಜೆನ್ಸಿಯನ್ನರು, ವಾಲ್ಡೆನ್ಸಿಯನ್ನರು, ಹೀಗೆ ಹಳೇ ಕಾಲದಲ್ಲಿ ಮುಖ್ಯ ಚರ್ಚಿನಿಂದ ಬೇರೆಯಾದ ಗುಂಪುಗಳೆಲ್ಲ ಒಂದೇ ಸಾಲಲ್ಲಿ ಬ್ಯಾಪ್ಟಿಸ್ಟರ ಪೂರ್ವಿಕರು. ಆದ್ರೆ ಡೊನಾಟಿಸ್ಟರಿಗೆ ಬಿಷಪ್ಪರಿದ್ರು, ಆಲ್ಬಿಜೆನ್ಸಿಯನ್ನರಂತೂ ನೀರಿನ ಸ್ನಾನವೇ ಬೇಡ ಅಂದೋರು, ತಲೆ ಮೇಲೆ ಕೈಯಿಟ್ಟು ಕೊಡೋ ದೀಕ್ಷೆ ಅವ್ರದ್ದು! ಇದು ಇತಿಹಾಸಕ್ಕಿಂತ ಸ್ಥಳಪುರಾಣದ ಜಾತಿ. ಇದನ್ನ ಕಟ್ಟಿದ ಮನಸ್ಸು ಮಾತ್ರ ಅರ್ಥ ಆಗತ್ತೆ, ನೂರಾರು ವರ್ಷ ನಿಮಗೆ ಹುಟ್ಟೇ ಇಲ್ಲ ಅಂತ ಅನ್ನಿಸ್ಕೊಂಡೋರು ವಂಶಾವಳಿ ಹುಡುಕ್ದೆ ಇರ್ತಾರಾ.

ಕುರ್ಚಿ ಕಳ್ಕೊಂಡೋರು ವಿಲಿಯಂ ವಿಟ್‌ಸಿಟ್, ಲೂಯಿವಿಲ್‌ನ ಸದರ್ನ್ ಬ್ಯಾಪ್ಟಿಸ್ಟ್ ಸೆಮಿನರಿ (ಪಾದ್ರಿಗಳನ್ನ ತಯಾರು ಮಾಡೋ ಕಾಲೇಜು) ಅಧ್ಯಕ್ಷರು. ಇಂಗ್ಲಿಷ್ ಬ್ಯಾಪ್ಟಿಸ್ಟರು ನೀರಲ್ಲಿ ಪೂರ್ತಿ ಮುಳುಗ್ಸೋಕೆ ಶುರು ಮಾಡಿದ್ದೇ 1641ರಲ್ಲಿ, ಅದಕ್ಕೆ ಮುಂಚೆ ಬರೀ ಹುಯ್ಯೋದಿತ್ತು ಅಂತ 1896ರಲ್ಲಿ ಬರೆದ್ರು. ಮುಳುಗೋದೇ ಪ್ರಾಣ ಅಂದ್ಕೊಂಡೋರಿಗೆ ಹೇಗಾಗಿರ್ಬೇಡ, ಕೂಗಾಟ ನಿಲ್ಲದೆ ರಾಜೀನಾಮೆ ಕೊಟ್ಟು 1899ರಲ್ಲಿ ಕುರ್ಚಿ ಬಿಟ್ರು. ಇವತ್ತು ಬಹುತೇಕ ಇತಿಹಾಸಕಾರರು ಹೇಳೋದು ಹೆಚ್ಚುಕಡಿಮೆ ಅವ್ರು ಹೇಳಿದ್ದನ್ನೇ. 1644ರ ಲಂಡನ್ನಿನ ಏಳು ಬ್ಯಾಪ್ಟಿಸ್ಟ್ ಸಭೆಗಳ ವಿಶ್ವಾಸ ಪ್ರಮಾಣದಲ್ಲಿ (ತಾವು ನಂಬೋದೇನು ಅಂತ ಬರೆದ ಹೇಳಿಕೆ) ಇಡೀ ದೇಹ ನೀರಲ್ಲಿ ಮುಳುಗ್ಬೇಕು ಅಂತ ಸ್ಪಷ್ಟವಾಗಿ ಬರತ್ತೆ.

ಆ ಏಳು ಸಭೆಗಳು ಸ್ಮಿತ್, ಹೆಲ್ವಿಸ್ ಶಾಖೆಯವಲ್ಲ ಅನ್ನೋದು ಇನ್ನೊಂದು ತೊಡಕು. ಕ್ರಿಸ್ತ ಎಲ್ರಿಗೋಸ್ಕರ ಸತ್ತ ಅನ್ನೋರು ಜನರಲ್ ಬ್ಯಾಪ್ಟಿಸ್ಟರು, ಸ್ಮಿತ್, ಹೆಲ್ವಿಸ್ ಶಾಖೆ ಇದು; ದೇವರು ಆರಿಸ್ಕೊಂಡೋರಿಗೆ ಮಾತ್ರ ಅನ್ನೋರು ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರು, ಈ ಎರಡ್ನೇಯೋರು 1630ರ ದಶಕದಲ್ಲಿ ಲಂಡನ್ನಲ್ಲೇ ಹೆನ್ರಿ ಜೇಕಬ್ ಅನ್ನೋ ಪ್ಯೂರಿಟನ್ ಪಾದ್ರಿ ಕಟ್ಟಿದ ಸಭೆಯಿಂದ ಬೇರೆಯಾಗಿ ಹುಟ್ಟಿದೋರು. ಹುಟ್ಟು ಒಂದಲ್ಲ, ಎರಡು. ನಮಗೆ ತಾಗೋದು ಈ ಎರಡ್ನೇ ಹುಟ್ಟೇ, ಬಂಗಾಳದ ಸೆರಾಂಪುರದಿಂದ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ಮಿಶನರಿ ವಿಲಿಯಂ ಕೇರಿ ಪರ್ಟಿಕ್ಯುಲರ್ ಕಡೆಯೋರು, 1783ರಲ್ಲಿ ಇಂಗ್ಲೆಂಡಿನ ನೆನ್ ನದೀಲಿ ಮುಳುಗಿ ದೀಕ್ಷಾಸ್ನಾನ ತಗೊಂಡೋರು.